ಉಬ್ಬಸದವರ ರಕ್ತ ಕೆಟ್ಟಿರುತ್ತದೆಯೇ?

ಈ ಹದಿನೈದು ದಿನಗಳಲ್ಲಿ ಬಂದ ಕಾಗದಗಳ ಕಟ್ಟಿನಲ್ಲಿ ಒಂದನ್ನು ಎರಡು ಸಲ ಓದಿ ಪಕ್ಕಕ್ಕೆ ಎತ್ತಿಟ್ಟೆ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯಿಂದ ಸೋದರಿಯೊಬ್ಬರು ಬರೆದದ್ದು. ಹೆಸರು ಹಾಕಬೇಡಿ ಎಂದಿದ್ದಾರೆ. ಹಾಕುವುದಿಲ್ಲ. ಆದರೆ ಅವರ ಕಷ್ಟ ಅವರೊಬ್ಬರದೇ ಅಲ್ಲ. ಆದ್ದರಿಂದ ಕಾಗದವನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

“ಡಾಕ್ಟರಕ್ಕನಿಗೆ ನಮಸ್ಕಾರ. ನನ್ನ ಮಗಳಿಗೆ ಈಗ ಹತ್ತೊಂಬತ್ತು. ಚಿಕ್ಕಂದಿನಿಂದಲೂ ಉಬ್ಬಸ. ಶೇಂಗಾ ಬಿಡಿಸೋ ಕಾಲ ಬಂತು ಅಂದ್ರೆ ರಾತ್ರಿಯೆಲ್ಲಾ ನಿದ್ದೆಯಿಲ್ಲ, ಗೋಡೆಗೆ ಒರಗಿ ಕೂತೇ ಬೆಳಗು ಮಾಡ್ತಾಳೆ. ಈ ಸಲ ಹಿರಿಯೂರಿಗೆ ಕರಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಚೀಟಿಯಲ್ಲಿ ಟೋಟಲ್ ಕೌಂಟ್ 9,000, ಇಸ್ನೋಫಿಲ್ 14 ಅಂತ ಬಂತು. ಆ 14ನ್ನು ದಪ್ಪ ಅಕ್ಷರದಲ್ಲಿ ಹೊಡೆದಿದ್ದರು. ನೋಡಿದ ನೆಂಟರೊಬ್ಬರು ‘ರಕ್ತ ಕೆಟ್ಟಿದೆ, ಬಿಳಿ ರಕ್ತ ಜಾಸ್ತಿಯಾಗಿದೆ’ ಅಂದುಬಿಟ್ಟರು. ಅಂಗಡಿಯಲ್ಲಿ ಇಸ್ನೋಫೀಲಿಯ ಮಾತ್ರೆ ಕೊಟ್ಟರು, ನುಂಗಿದಳು, ಉಸಿರು ಹಾಗೇ ಇತ್ತು. ಒಂದು ರಾತ್ರಿ ತೀರಾ ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಿದೆವು. ಇಂಜೆಕ್ಷನ್ ಕೊಟ್ಟು, ಐದು ದಿನಕ್ಕೆ ಮಾತ್ರೆ ಬರೆದರು. ನಾಲ್ಕನೇ ದಿನ ಮತ್ತೆ ರಕ್ತ ನೋಡಿದರೆ ಇಸ್ನೋಫಿಲ್ ಬರೀ 1! ಆದರೆ ಟೋಟಲ್ ಕೌಂಟ್ 13,500, ನ್ಯೂಟ್ರೋಫಿಲ್ 82. ನಮ್ಮತ್ತೆಯೋರು ‘14 ಇದ್ದದ್ದು 1ಕ್ಕೆ ಇಳೀತಲ್ಲ, ವಾಸಿ ಆಯ್ತು ಬಿಡು. ಆ ಬಾಯಿಗೆ ಹೊಡಕೊಳ್ಳೋ ಪಂಪು ಬಿಡಿಸು, ಗಂಡಿನೋರು ನೋಡಿದ್ರೆ ಏನಂದಾರು’ ಅಂತಾರೆ. ಬರೋ ತಿಂಗಳು ಶಿರಾ ಕಡೆಯಿಂದ ನೋಡೋಕೆ ಬರ್ತಿದಾರೆ. ನನ್ನ ಮಗಳ ರಕ್ತ ಕೆಟ್ಟಿದೆಯಾ ಅಕ್ಕ? ಈಗ ವಾಸಿಯಾಗಿದೆಯಾ? ಬಂದೋರಿಗೆ ಹೇಳಬೇಕಾ, ಮುಚ್ಚಿಡಬೇಕಾ?”

ತಂಗೀ, ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ರಕ್ತ ಕೆಟ್ಟಿಲ್ಲ. ಉಬ್ಬಸ ವಾಸಿಯೂ ಆಗಿಲ್ಲ. ಮುಚ್ಚಿಡಬೇಡಿ. ಯಾಕೆ ಎಂಬುದನ್ನು ಇನ್ನು ಸಾವಕಾಶವಾಗಿ ನೋಡೋಣ. ಒಲೆಯ ಮೇಲೆ ಹಾಲಿದ್ದರೆ ಇಳಿಸಿ ಬಂದು ಕೂತುಕೊಳ್ಳಿ.

ಒಂದು ರಾಗಿ ಕಾಳಿನಷ್ಟು ರಕ್ತ

ಚೀಟಿಯಲ್ಲಿ ಬರೆಯುವ ಲೆಕ್ಕವೆಲ್ಲ ಒಂದು ಘನ ಮಿಲಿಮೀಟರ್ ರಕ್ತದ್ದು. ಅಂದರೆ ಹೆಚ್ಚು ಕಡಿಮೆ ಒಂದು ರಾಗಿ ಕಾಳಿನ ಗಾತ್ರದ ಹನಿ. ಅಷ್ಟರಲ್ಲೇ ಸುಮಾರು 40ರಿಂದ 50 ಲಕ್ಷ ಕೆಂಪು ಕಣಗಳಿರುತ್ತವೆ. ಇವು ಉಸಿರಿನ ಆಮ್ಲಜನಕವನ್ನು ಹೊತ್ತು ತಿರುಗುವ ಕೂಲಿಯಾಳುಗಳು. ಗಾಯವಾದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಬಿಳಿ ಕಣಗಳು ಮಾತ್ರ ಕಡಿಮೆ, 4,000ದಿಂದ 11,000. ಟೋಟಲ್ ಕೌಂಟ್ ಎಂದು ಬರೆಯುವುದು ಈ ಬಿಳಿ ಕಣಗಳ ಲೆಕ್ಕವನ್ನು. ಇವು ಮೈಯ ಕಾವಲುಗಾರರು. ‘ಬಿಳಿ ರಕ್ತ’ ಎಂದು ಬೇರೆ ರಕ್ತವೇನೂ ಇಲ್ಲ. ಎಲ್ಲರ ಮೈಯಲ್ಲೂ ಈ ಕಣಗಳಿವೆ, ಇರಲೇಬೇಕು.

ಕಾವಲುಗಾರರಲ್ಲಿ ಐದು ಬಗೆ. ನೂರರಲ್ಲಿ 40ರಿಂದ 75ರಷ್ಟು ನ್ಯೂಟ್ರೋಫಿಲ್‌ಗಳು. ರೋಗಾಣು ಸಿಕ್ಕರೆ ನುಂಗಿ ಹಾಕುವುದು ಇವುಗಳ ಕೆಲಸ. 20ರಿಂದ 45ರಷ್ಟು ಲಿಂಫೋಸೈಟ್‌ಗಳು. ಹಿಂದೆ ಬಂದ ಶತ್ರುವಿನ ಗುರುತು ನೆನಪಿಟ್ಟುಕೊಳ್ಳುವವು. ಮಾನೋಸೈಟ್, ಬೇಸೋಫಿಲ್ ಎಂಬ ಇನ್ನೆರಡು ಅಲ್ಪಸಂಖ್ಯೆಯವು. ಉಳಿದದ್ದೇ ನಮ್ಮ ಊರುಗಳಲ್ಲಿ ಇಸ್ನೋಫಿಲ್ ಎಂದು ಹೆಸರಾದ ಇಯೊಸಿನೊಫಿಲ್. ಸಾಮಾನ್ಯವಾಗಿ ನೂರಕ್ಕೆ 1ರಿಂದ 6.

ಇಲ್ಲೊಂದು ಲೆಕ್ಕದ ಸೂಕ್ಷ್ಮವಿದೆ. ನೂರಕ್ಕೆ ಇಷ್ಟು ಎಂಬುದನ್ನಷ್ಟೇ ನೋಡಿದರೆ ಸಾಲದು. ಟೋಟಲ್ ಕೌಂಟ್ 4,000 ಇದ್ದವರಿಗೆ ನೂರಕ್ಕೆ 6 ಎಂದರೆ 240 ಕಣ. 11,000 ಇದ್ದವರಿಗೆ ಅದೇ 6 ಎಂದರೆ 660. ಆದ್ದರಿಂದ ಎರಡನ್ನೂ ಗುಣಿಸಿ ನಿಜವಾದ ಸಂಖ್ಯೆ ತೆಗೆಯಬೇಕು. ಅದು 500ರ ಒಳಗಿದ್ದರೆ ಸಾಧಾರಣ ಎನ್ನುತ್ತೇವೆ. ನಿಮ್ಮ ಮಗಳ ಮೊದಲ ಚೀಟಿಯಲ್ಲಿ 9,000ಕ್ಕೆ ನೂರಕ್ಕೆ 14, ಅಂದರೆ 1,260. ಹೆಚ್ಚೇ ಸರಿ. ಆದರೆ ಈ ಒಂದು ಅಂಕಿಯನ್ನು ನೋಡಿ ಕ್ಯಾನ್ಸರೋ ಏನೋ ಎಂದು ಎದೆ ಒಡೆದುಕೊಳ್ಳಬೇಕಾಗಿಲ್ಲ. ಅಲರ್ಜಿಯ ಉಬ್ಬಸವಿರುವವರಲ್ಲಿ ಇಂಥ ಸಂಖ್ಯೆಯನ್ನು ನಾವು ವೈದ್ಯರು ಆಗಾಗ ನೋಡುತ್ತಲೇ ಇರುತ್ತೇವೆ.

ಉಷೆಯ ಬಣ್ಣದ ಕಣ

ಈ ಕಣಕ್ಕೆ ಆ ಹೆಸರು ಹೇಗೆ ಬಂತು ಗೊತ್ತೇ? 1879ರಲ್ಲಿ ಪಾಲ್ ಎರ್ಲಿಕ್ ಎಂಬ ಜರ್ಮನ್ ವೈದ್ಯ ರಕ್ತವನ್ನು ಗಾಜಿನ ಮೇಲೆ ಸವರಿ ಬಗೆಬಗೆಯ ಬಣ್ಣ ಹಾಕಿ ನೋಡುತ್ತಿದ್ದ. ಇಯೊಸಿನ್ ಎಂಬ ಕೆಂಬಣ್ಣ ಹಾಕಿದಾಗ ಕೆಲವು ಬಿಳಿ ಕಣಗಳೊಳಗಿನ ಚುಕ್ಕೆಗಳು ಆ ಬಣ್ಣವನ್ನು ಹೀರಿಕೊಂಡು ಕೆಂಡದ ಹಾಗೆ ಹೊಳೆದವು. ಇಯೊಸ್ ಎಂದರೆ ಗ್ರೀಕರ ಮುಂಜಾವಿನ ದೇವತೆ, ನಮ್ಮ ಉಷೆ ಇದ್ದ ಹಾಗೆ. ಆ ಬಣ್ಣವನ್ನು ಇಷ್ಟಪಡುವ ಕಣ ಇಯೊಸಿನೊಫಿಲ್ ಆಯಿತು. ಇಂದಿಗೂ ಪರೀಕ್ಷಾ ಕೊಠಡಿಗಳಲ್ಲಿ ಗಾಜಿನ ಮೇಲೆ ರಕ್ತ ಸವರಿ ಇದೇ ಬಣ್ಣ ಹಾಕಿ ನೋಡುವುದುಂಟು.

ಆ ಕೆಂಪು ಚುಕ್ಕೆಗಳೇ ಇದರ ಆಯುಧ. ಹೊಟ್ಟೆಯ ಹುಳುವಿನಂಥ ದೊಡ್ಡ ಶತ್ರುವನ್ನು ನುಂಗಲು ಸಣ್ಣ ಕಣದಿಂದ ಸಾಧ್ಯವೇ? ಅದಕ್ಕೇ ಇಯೊಸಿನೊಫಿಲ್ ಶತ್ರುವಿನ ಮೇಲೆ ಈ ಚುಕ್ಕೆಗಳ ಕಾರದ ರಸವನ್ನು ಸುರಿದುಬಿಡುತ್ತದೆ. ಹುಳುವಿನ ಮೇಲೆ ಸುರಿದರೆ ಒಳ್ಳೆಯದೇ. ಆದರೆ ಉಬ್ಬಸದವರ ಮೈ ಶೇಂಗಾ ಧೂಳನ್ನೋ ಹೂವಿನ ಪರಾಗವನ್ನೋ ಶತ್ರು ಎಂದು ತಪ್ಪು ತಿಳಿಯುತ್ತದೆ. ಧೂಳು ಮೂಗಿಗೆ ಹೋದೊಡನೆ ಐಜಿಇ ಎಂಬ ಪ್ರತಿಕಾಯ ಕೂಗು ಹಾಕುತ್ತದೆ. ಇಂಟರ್‌ಲ್ಯೂಕಿನ್ 5 ಎಂಬ ಸಂದೇಶ ಮೂಳೆಯ ಒಳಗಿನ ಮಜ್ಜೆಗೆ ಹೋಗುತ್ತದೆ. ಅಲ್ಲಿಂದ ಇಯೊಸಿನೊಫಿಲ್‌ಗಳ ದಂಡು ಹೊರಟು ಎದೆಗೆ ಬಂದಿಳಿಯುತ್ತದೆ. ಹಗ್ಗವನ್ನು ಹಾವೆಂದು ತಿಳಿದು ಕತ್ತಲಲ್ಲಿ ದೊಣ್ಣೆ ಬೀಸಿದ ಹಾಗೆ! ಹಾವಂತೂ ಇಲ್ಲ, ಏಟು ಬೀಳುವುದು ಮನೆಯ ಪಾತ್ರೆಪಡಗದ ಮೇಲೆ. ಶ್ವಾಸನಾಳದ ಒಳಪೊರೆ ಸುಲಿಯುತ್ತದೆ, ಊದುತ್ತದೆ, ಕಫ ಸುರಿಯುತ್ತದೆ, ನಾಳ ಬಿಗಿದುಕೊಳ್ಳುತ್ತದೆ. ನಡುರಾತ್ರಿ ನಿಮ್ಮ ಮಗಳ ಎದೆಯಲ್ಲಿ ಕೇಳುವ ಸಿಳ್ಳು ಇದರದ್ದೇ.

ಇದು ಇತ್ತೀಚೆಗೆ ಊಹಿಸಿದ್ದಲ್ಲ. 1872ರಲ್ಲೇ ಲೈಡನ್ ಎಂಬ ವೈದ್ಯ ಉಬ್ಬಸದವರ ಕಫದಲ್ಲಿ ಸೂಜಿಯಂಥ ಹರಳುಗಳನ್ನು ಕಂಡಿದ್ದ. ಒಡೆದ ಇಯೊಸಿನೊಫಿಲ್‌ಗಳಿಂದ ಹುಟ್ಟುವ ಹರಳುಗಳವು ಎಂಬುದು ಆಮೇಲೆ ತಿಳಿಯಿತು.

ಹೆದ್ದಾರಿಯ ಬಸ್ಸು ಎಣಿಸಿದರೆ

ನಿಮ್ಮೂರಿನ ಮಗ್ಗುಲಲ್ಲೇ ಬೆಂಗಳೂರು–ಪುಣೆ ಹೆದ್ದಾರಿ ಇದೆಯಲ್ಲ, ಒಂದು ಮಾತು ಯೋಚಿಸಿ. ರಸ್ತೆಯ ಬದಿಯಲ್ಲಿ ನಿಂತು ಹಾದುಹೋಗುವ ಬಸ್ಸುಗಳನ್ನು ಎಣಿಸಿದರೆ ಊರೊಳಗೆ ಎಷ್ಟು ಜನ ನೆಂಟರು ಇಳಿದಿದ್ದಾರೆ ಎಂದು ಗೊತ್ತಾದೀತೇ? ಒಂದು ಅಂದಾಜು ಸಿಗಬಹುದು, ಅಷ್ಟೆ.

ರಕ್ತವೂ ಹಾಗೇ, ಬರೀ ರಸ್ತೆ. ಇಯೊಸಿನೊಫಿಲ್ ಮಜ್ಜೆಯಲ್ಲಿ ಹುಟ್ಟಿ ಕೆಲವು ಗಂಟೆಗಳ ಕಾಲ ಮಾತ್ರ ರಕ್ತದಲ್ಲಿ ಪ್ರಯಾಣ ಮಾಡಿ, ಕರುಳಿನ ಗೋಡೆಗೋ ಉಬ್ಬಸದವರಾದರೆ ಎದೆಗೋ ಹೋಗಿ ಇಳಿದುಬಿಡುತ್ತದೆ. ಚೀಟಿಯಲ್ಲಿ ಬರುವುದು ದಾರಿಯಲ್ಲಿರುವವುಗಳ ಲೆಕ್ಕ, ಎದೆಯೊಳಗೆ ಬೀಡುಬಿಟ್ಟವುಗಳದ್ದಲ್ಲ. ಸಾಲದ್ದಕ್ಕೆ ಈ ಸಂಖ್ಯೆ ದಿನದ ಹೊತ್ತಿನೊಡನೆ ಏರಿಳಿಯುತ್ತದೆ: ರಾತ್ರಿ ಹೆಚ್ಚು, ಹಗಲು ಹೊತ್ತು ಕಡಿಮೆ. ಬೆಳಗಿನ ಜಾವ ತೆಗೆದ ರಕ್ತಕ್ಕೂ ಮಧ್ಯಾಹ್ನ ತೆಗೆದದ್ದಕ್ಕೂ ವ್ಯತ್ಯಾಸ ಬರುತ್ತದೆ.

ಇನ್ನೊಂದು ಮಾತು. ಉಬ್ಬಸವಿರುವ ಎಲ್ಲರಲ್ಲೂ ಇದು ಹೆಚ್ಚಿರುವುದಿಲ್ಲ. ಕೆಲವರಲ್ಲಿ, ಅದರಲ್ಲೂ ಮೈ ತುಂಬ ದಪ್ಪವಾದವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ, ರಕ್ತದ ಸಂಖ್ಯೆ ಸರಿಯಾಗೇ ಇದ್ದು ಉಬ್ಬಸ ಮಾತ್ರ ಜೋರಾಗಿರಬಹುದು. ಆದ್ದರಿಂದ ಸಂಖ್ಯೆ ಸರಿ ಇದೆ, ಉಬ್ಬಸವಿಲ್ಲ ಎನ್ನುವುದೂ ತಪ್ಪು. ಸಂಖ್ಯೆ ಹೆಚ್ಚಿದೆ, ಉಬ್ಬಸವೇ ಎನ್ನುವುದೂ ತಪ್ಪು. ಉಬ್ಬಸವನ್ನು ಅಳೆಯಬೇಕಾದದ್ದು ಊದಿಸಿ ನೋಡುವ ಸ್ಪೈರೊಮೆಟ್ರಿ ಪರೀಕ್ಷೆಯಿಂದ. ನಿಮ್ಮ ಊರಿನ ವೈದ್ಯರು ಹೇಳಿದರೆ ಚಿತ್ರದುರ್ಗಕ್ಕೋ ತುಮಕೂರಿಗೋ ಹೋಗಿ ಒಮ್ಮೆ ಮಾಡಿಸಿಕೊಂಡು ಬನ್ನಿ. ನೋವಿಲ್ಲ, ಸೂಜಿಯಿಲ್ಲ, ಬಾಯಿಂದ ಜೋರಾಗಿ ಊದುವುದಷ್ಟೇ.

14 ಹೋಗಿ 1 ಆದದ್ದು ಹೇಗೆ?

ಈಗ ನಿಮ್ಮ ಎರಡನೇ ಚೀಟಿಗೆ ಬರೋಣ. ಆಸ್ಪತ್ರೆಯಲ್ಲಿ ಕೊಟ್ಟದ್ದು ಬಹುಮಟ್ಟಿಗೆ ಸ್ಟೀರಾಯ್ಡ್ ಜಾತಿಯ ಇಂಜೆಕ್ಷನ್ ಮತ್ತು ಮಾತ್ರೆ. ಜೋರಾದ ಉಬ್ಬಸಕ್ಕೆ ಅದು ಜೀವ ಉಳಿಸುವ ಔಷಧಿ. ಕೊಟ್ಟದ್ದು ಸರಿಯಾಗೇ ಇದೆ. ಈ ಔಷಧಿ ಮೈಗೆ ಹೋದ ಕೆಲವೇ ಗಂಟೆಗಳಲ್ಲಿ ರಕ್ತದ ಇಯೊಸಿನೊಫಿಲ್ ಸರ್ರನೆ ಇಳಿಯುತ್ತದೆ. ಅದೇ ಹೊತ್ತಿಗೆ ರಕ್ತನಾಳದ ಗೋಡೆಗೆ ಒರಗಿ ಕೂತಿದ್ದ ನ್ಯೂಟ್ರೋಫಿಲ್‌ಗಳು ಎದ್ದು ನಡುಬೀದಿಗೆ ಬರುತ್ತವೆ; ಮಜ್ಜೆಯಿಂದಲೂ ಹೊಸವು ಇಳಿಯುತ್ತವೆ. ಹಾಗಾಗಿ ನ್ಯೂಟ್ರೋಫಿಲ್ ಏರುತ್ತದೆ, ಜೊತೆಗೆ ಟೋಟಲ್ ಕೌಂಟೂ ಏರುತ್ತದೆ. ನಿಮ್ಮ ಎರಡನೇ ಚೀಟಿ ಅಕ್ಷರಶಃ ಈ ಔಷಧಿಯ ರುಜು. ಜ್ವರ, ಹಳದಿ ಕಫ, ಎದೆನೋವು ಇದ್ದರೆ ಸೋಂಕನ್ನೂ ಅನುಮಾನಿಸಬೇಕು. ಅದನ್ನು ಎದೆಗೆ ಕಿವಿಗೊಟ್ಟು ವೈದ್ಯರು ತೀರ್ಮಾನಿಸುತ್ತಾರೆ. 13,500 ಎಂಬ ಅಂಕಿಯೊಂದರಿಂದಲೇ ಸೋಂಕು ಎನ್ನಲಾಗದು.

ನಿಮ್ಮ ಅತ್ತೆಯವರಿಗೆ ಇದನ್ನು ಮೆಲ್ಲಗೆ ತಿಳಿಸಿ ಹೇಳಿ: “ಅತ್ತೇ, 1ಕ್ಕೆ ಇಳಿಸಿದ್ದು ಔಷಧಿ. ಔಷಧಿ ಬಿಟ್ಟರೆ ಮತ್ತೆ ಏರುತ್ತೆ.” ಒಲೆಯ ಉರಿ ತಗ್ಗಿಸಿದಾಗ ಉಕ್ಕುವ ಹಾಲು ಕೆಳಗಿಳಿಯುತ್ತದೆ; ಹಾಗಂತ ಕೆಂಡ ಆರಿದೆಯೇನು?

ಇದರಿಂದ ನಾವೆಲ್ಲ ಕಲಿಯಬೇಕಾದ ಒಂದು ಪಾಠವಿದೆ. ರಕ್ತ ಕೊಡುವ ಮೊದಲು ಈ ವಾರ ಏನೇನು ನುಂಗಿದ್ದೀರಿ ಎಂಬುದನ್ನು ತಪ್ಪದೆ ಹೇಳಿ. ದಮ್ಮಿಗೆಂದು ಸಂತೆಯಲ್ಲಿ, ಮನೆಮನೆಗೆ ಬಂದು ಮಾರುವ ಹೆಸರಿಲ್ಲದ ಪುಡಿಗಳಲ್ಲಿ ಕೆಲವೊಮ್ಮೆ ಸ್ಟೀರಾಯ್ಡ್ ಬೆರೆತಿರುತ್ತದೆ. ಅದನ್ನು ತಿಂದಾಗ ಉಸಿರೂ ಹಗುರ, ಚೀಟಿಯೂ ಚೆಂದ. ವರ್ಷಗಟ್ಟಲೆ ತಿಂದರೆ ಮುಖ ಊದುವುದು, ಮೂಳೆ ಸವೆಯುವುದು, ಸಕ್ಕರೆ ಕಾಯಿಲೆ ಎಲ್ಲವೂ ಹಿಂದಿನಿಂದ ಬರುತ್ತವೆ.

ಇಸ್ನೋಫೀಲಿಯ ಎಂಬ ಗೊಂದಲ

“ನಂಗೆ ಇಸ್ನೋಫೀಲಿಯ ಇದೆ” ಎನ್ನದ ಕೆಮ್ಮಿನವರು ನಮ್ಮ ಕಡೆ ಅಪರೂಪ. ನಿಜ ಹೇಳಬೇಕೆಂದರೆ ಅದು ಕಾಯಿಲೆಯ ಹೆಸರಲ್ಲ. ಆ ಕಣ ಹೆಚ್ಚಿದೆ ಎಂಬ ಸುದ್ದಿ, ಅಷ್ಟೆ. ಹಾಗಾದರೆ ಅದು ಕಾಯಿಲೆಯ ಹೆಸರಾಗಿ ಜನರ ಬಾಯಿಗೆ ಬಂದದ್ದು ಹೇಗೆ? ಅದಕ್ಕೊಂದು ಕತೆಯಿದೆ, ಅದೂ ನಮ್ಮ ಕೋಲಾರದ ಗಡಿಯಾಚೆಗೇ ನಡೆದದ್ದು.

ಆಂಧ್ರದ ಮದನಪಲ್ಲಿಯ ಹತ್ತಿರ ಆರೋಗ್ಯವರಂ ಎಂಬಲ್ಲಿ ಕ್ಷಯರೋಗದ ದೊಡ್ಡ ಆಸ್ಪತ್ರೆಯಿತ್ತು. ಅಲ್ಲಿನ ವೈದ್ಯರಾದ ಫ್ರಿಮೋಟ್ ಮೊಲರ್ ಮತ್ತು ಬಾರ್ಟನ್ ಅವರು ವಿಚಿತ್ರವಾದ ಕೆಲವು ರೋಗಿಗಳನ್ನು ಕಂಡರು. ರಾತ್ರಿ ಒಣಕೆಮ್ಮು, ಸಣ್ಣ ಜ್ವರ, ಮೈ ಇಳಿಯುವುದು, ಎಕ್ಸ್‌ರೇಯಲ್ಲಿ ಕಲೆ; ನೋಡಿದರೆ ಕ್ಷಯದ ಹಾಗೆ, ಆದರೆ ಕ್ಷಯವಲ್ಲ. ರಕ್ತದಲ್ಲಿ ಇಯೊಸಿನೊಫಿಲ್ ವಿಪರೀತ. 1940ರಲ್ಲಿ ಇದನ್ನು ಬರೆದು ಪ್ರಕಟಿಸಿದರು. 1943ರಲ್ಲಿ ವೈನ್‌ಗಾರ್ಟನ್ ಎಂಬ ವೈದ್ಯ ಇದಕ್ಕೆ ಉಷ್ಣವಲಯದ ಇಯೊಸಿನೊಫೀಲಿಯ ಎಂದು ಹೆಸರಿಟ್ಟ. ಆನೆಕಾಲು ರೋಗ ತರುವ ಫೈಲೇರಿಯ ಹುಳುವಿನ ಮರಿಗಳಿಗೆ ಮೈ ತೋರುವ ಅತಿಯಾದ ಸಿಟ್ಟು ಇದು ಎಂಬುದು ಆಮೇಲೆ ಗೊತ್ತಾಯಿತು. ಇದರಲ್ಲಿ ಸಂಖ್ಯೆ ಸಾಮಾನ್ಯವಾಗಿ 3,000ಕ್ಕಿಂತ ಮೇಲಿರುತ್ತದೆ. ಅಂಗಡಿಯಲ್ಲಿ ‘ಇಸ್ನೋಫೀಲಿಯ ಮಾತ್ರೆ’ ಎಂದು ಕೊಡುವ ಡೈಈಥೈಲ್ ಕಾರ್ಬಮಜಿನ್ ಈ ಕಾಯಿಲೆಯ ಔಷಧಿ. ಮೂರು ವಾರ ಕೊಟ್ಟರೆ ಬಹಳ ಮಂದಿಗೆ ಗುಣವಾಗುತ್ತದೆ.

ಆದರೆ ಅದು ಉಬ್ಬಸದ ಔಷಧಿಯಲ್ಲ! ನಿಮ್ಮ ಮಗಳ ಸಂಖ್ಯೆ 1,260. ಕಷ್ಟ ಚಿಕ್ಕಂದಿನಿಂದ ಬಂದದ್ದು, ಧೂಳಿನ ಕಾಲಕ್ಕೆ ಕೆರಳುವಂಥದ್ದು. ಕರ್ನಾಟಕದಲ್ಲಿ ಆನೆಕಾಲು ರೋಗ ಹೆಚ್ಚು ಕಂಡದ್ದು ಕರಾವಳಿಯಲ್ಲಿ ಮತ್ತು ಬೀದರ್, ಕಲಬುರಗಿಯ ಕಡೆ. ಇವನ್ನೆಲ್ಲ ಕೂಡಿಸಿ ನೋಡಿದರೆ ಆ ಮಾತ್ರೆಯಿಂದ ಉಸಿರು ಹಗುರಾಗದ್ದರಲ್ಲಿ ಆಶ್ಚರ್ಯವೇನಿಲ್ಲ.

ಸಂಖ್ಯೆ ಏರುವುದಕ್ಕೆ ಬೇರೆ ಕಾರಣಗಳೂ ಇವೆ. ಬರಿಗಾಲಲ್ಲಿ ಹೊಲ ತಿರುಗುವವರಿಗೆ ಕೊಕ್ಕೆಹುಳು, ಮಕ್ಕಳಿಗೆ ಜಂತುಹುಳು, ಚರ್ಮದ ಅಲರ್ಜಿ, ಕೆಲವು ಔಷಧಿಗಳು. ಹುಳುವಿನ ಮಾತ್ರೆಯನ್ನು ಸರ್ಕಾರವೇ 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲಾ ಕಾಲೇಜುಗಳಲ್ಲಿ ಕೊಡುತ್ತದೆ, ಬಿಡಬೇಡಿ. ಇನ್ನು, ಸಂಖ್ಯೆ 1,500ರ ಮೇಲೆಯೇ ನಿಂತುಬಿಟ್ಟರೆ, ಮೈ ಇಳಿಯುತ್ತಿದ್ದರೆ, ಕೈಕಾಲು ಜೋಮು ಹಿಡಿಯುತ್ತಿದ್ದರೆ, ಚರ್ಮದ ಮೇಲೆ ಕೆಂಪು ಗಂಧೆಗಳೆದ್ದರೆ, ದೊಡ್ಡ ಆಸ್ಪತ್ರೆಗೆ ತಡಮಾಡದೆ ತೋರಿಸಬೇಕು.

ಕೆಂಪು ಕಣದ ಸಾಲನ್ನೂ ಓದಿ

ಎಲ್ಲರೂ 14ನ್ನೇ ನೋಡುತ್ತಾರೆ. ಅದೇ ಚೀಟಿಯ ಮೇಲುಗಡೆ ಹಿಮೋಗ್ಲೋಬಿನ್ ಎಂದು ಒಂದು ಸಾಲಿರುತ್ತದೆ, ಅದನ್ನು ಓದಿದಿರಾ? ಹೆಣ್ಣುಮಕ್ಕಳಿಗೆ 12 ಗ್ರಾಂ ಇರಬೇಕು. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಉಬ್ಬಸವು ತಾನಾಗಿ ಕೆಂಪು ಕಣವನ್ನು ಕಡಿಮೆ ಮಾಡುವುದಿಲ್ಲ. ಆದರೆ ಎದೆಗೆ ಗಾಳಿ ಕಡಿಮೆ ಹೋಗುತ್ತಿರುವಾಗ ಅದನ್ನು ಹೊರುವ ಕೂಲಿಯಾಳೂ ಕಡಿಮೆಯಾದರೆ? ಎರಡು ಹೆಜ್ಜೆಗೇ ಏದುಸಿರು. ಎಷ್ಟೋ ಸಲ ಪಂಪು ಹೊಡೆದರೂ ಹೋಗದ ಆಯಾಸ ರಕ್ತಹೀನತೆಯದ್ದಾಗಿರುತ್ತದೆ.

ಆದ್ದರಿಂದ ಉಬ್ಬಸವೆಂದು ಹುಡುಗಿಗೆ ಪಥ್ಯದ ಮೇಲೆ ಪಥ್ಯ ಹೇರಿ ಸೊರಗಿಸಬೇಡಿ. ತನಗೆ ಆಗದ್ದು ಇಂಥದ್ದು ಎಂದು ಸ್ಪಷ್ಟವಾಗಿ ಗೊತ್ತಿದ್ದರೆ ಅದೊಂದನ್ನು ಬಿಡಲಿ. ಬಾಳೆಹಣ್ಣು, ಮೊಸರು, ಬದನೆಕಾಯಿ ಎಲ್ಲವನ್ನೂ ‘ಇಸ್ನೋಫಿಲ್ ಏರುತ್ತೆ’ ಎಂದು ಬಿಡಿಸುವುದು ಅನ್ಯಾಯ. ಬಿಸಿ ಮುದ್ದೆ, ನುಗ್ಗೆಸೊಪ್ಪಿನ ಬಸ್ಸಾರು, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಲಿ. ನಿಂಬೆಯ ಹುಳಿ ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಉಂಡ ಕೂಡಲೇ ಟೀ ಬೇಡ, ಅದು ಕಬ್ಬಿಣವನ್ನು ತಡೆಯುತ್ತದೆ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಲಿ.

ಆ ಕಣ, ಈ ಕಣ

ರಕ್ತದ ಕಣವನ್ನು ಕೆರಳಿಸುವುದು ನಿಮ್ಮ ಸುಗ್ಗಿಯ ಕಣ! ಹಿರಿಯೂರು ಸೀಮೆಯ ಗಾಳಿ ಒಣಗಾಳಿ. ಶೇಂಗಾ ಬಿಡಿಸುವಾಗ, ರಾಗಿ ಒಕ್ಕುವಾಗ ಏಳುವ ಧೂಳು, ಹುಣಸೆ ಕುಟ್ಟುವ ಧೂಳು, ಕುರಿ ರೊಪ್ಪದ ಘಾಟು, ವರ್ಷಕ್ಕೊಮ್ಮೆ ಹೊರತೆಗೆಯುವ ಕಂಬಳಿ, ಬೇಲಿಗುಂಟ ಬೆಳೆದ ಪಾರ್ಥೇನಿಯಂ, ಸಾಲದ್ದಕ್ಕೆ ಹೆದ್ದಾರಿಯ ಲಾರಿ ಹೊಗೆ. ಇದರಲ್ಲಿ ಎಲ್ಲವನ್ನೂ ತಪ್ಪಿಸಲಾಗದು, ಕೆಲವನ್ನು ತಪ್ಪಿಸಬಹುದು. ಒಕ್ಕಣೆಯ ವಾರ ಮಗಳನ್ನು ಕಣದ ಕೆಲಸಕ್ಕೆ ಕರೆಯಬೇಡಿ. ಹೋಗಲೇಬೇಕಾದರೆ ಮೂಗು ಬಾಯಿಗೆ ಎರಡು ಮಡಿಕೆ ತೆಳುಬಟ್ಟೆ ಕಟ್ಟಿ, ಗಾಳಿ ಬರುವ ದಿಕ್ಕಿಗೆ ನಿಲ್ಲಲಿ. ಬಂದ ಮೇಲೆ ಸ್ನಾನ ಮಾಡಿ ಬಟ್ಟೆ ಬದಲಿಸಲಿ. ಹಾಸಿಗೆ, ದಿಂಬು, ಕಂಬಳಿ ವಾರಕ್ಕೊಮ್ಮೆ ಸುಡುಬಿಸಿಲಿಗೆ. ಕಸ ಗುಡಿಸುವ ಮೊದಲು ನೀರು ಚಿಮುಕಿಸಿ. ಮಲಗುವ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆಬತ್ತಿ ಹಚ್ಚಬೇಡಿ, ಸೊಳ್ಳೆಪರದೆ ಕಟ್ಟಿ. ಮೆಣಸಿನಕಾಯಿ ಹುರಿಯುವ ಕೆಲಸ ಅವಳದ್ದಾಗದಿರಲಿ.

ಧೂಳು ಹಳ್ಳಿಯದ್ದು ಮಾತ್ರ ಎಂದುಕೊಳ್ಳಬೇಡಿ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ವರ್ಷ ವರ್ಷ ಲೆಕ್ಕವಿಟ್ಟು ನೋಡಿದರು. 1979ರಲ್ಲಿ ನೂರಕ್ಕೆ 9 ಮಕ್ಕಳಿಗೆ ಉಬ್ಬಸವಿದ್ದರೆ 1999ರ ಹೊತ್ತಿಗೆ ಅದು 29.5ಕ್ಕೆ ಏರಿತ್ತು. ನಿಮ್ಮ ಮಗಳದ್ದು ಯಾವುದೋ ಮನೆತನದ ಶಾಪವಲ್ಲ ತಂಗೀ. ಊರು ತುಂಬ ಇರುವ ಕಷ್ಟ.

ಆ ಪಂಪು ಬಿಡಿಸಬೇಡಿ

ಪಂಪಿನಲ್ಲಿ ಎರಡು ಬಗೆ. ಒಂದು ಬಿಗಿದ ನಾಳವನ್ನು ಕೂಡಲೇ ಸಡಿಲಿಸುವುದು. ಆದರೆ ಅದು ಇಯೊಸಿನೊಫಿಲ್ ದಂಡನ್ನು ಮುಟ್ಟುವುದಿಲ್ಲ. ಇನ್ನೊಂದು, ದಿನವೂ ತೆಗೆದುಕೊಳ್ಳಬೇಕಾದ ಸ್ಟೀರಾಯ್ಡ್ ಪಂಪು. ಎದೆಗೆ ಬಂದಿಳಿದ ದಂಡನ್ನು ಹಿಂದಕ್ಕೆ ಕಳಿಸುವುದು ಇದು. ಸ್ಟೀರಾಯ್ಡ್ ಎಂಬ ಹೆಸರಿಗೆ ಬೆಚ್ಚಬೇಡಿ. ಮಾತ್ರೆಯ ಲೆಕ್ಕ ಮಿಲಿಗ್ರಾಂನಲ್ಲಿ, ಪಂಪಿನ ಲೆಕ್ಕ ಅದರ ಸಾವಿರದ ಒಂದು ಪಾಲಾದ ಮೈಕ್ರೊಗ್ರಾಂನಲ್ಲಿ. ಹೊಡೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಬಾಯಿಹುಣ್ಣೂ ಬರುವುದಿಲ್ಲ. ಇದು ಚಟವೂ ಅಲ್ಲ. ಮಂದಗಣ್ಣಿನವರಿಗೆ ಕನ್ನಡಕ ಚಟವೇ?

ಕೂಡಲೇ ಸಡಿಲಿಸುವ ಪಂಪೊಂದನ್ನೇ ನಂಬಿ ಕೂರುವುದು ಅಪಾಯ ಎಂದು 2019ರಿಂದ ಜಗತ್ತಿನ ತಜ್ಞರು ಒತ್ತಿ ಹೇಳುತ್ತಿದ್ದಾರೆ. ನಿಮ್ಮ ಮಗಳ ಹತ್ತಿರ ಯಾವುದಿದೆ ಎಂದು ವೈದ್ಯರನ್ನು ಕೇಳಿ. ಎರಡೂ ಇದ್ದರೆ ದಿನದ ಪಂಪಿಗೆ ಒಂದು ಕೆಂಪು ದಾರ ಕಟ್ಟಿಡಿ, ಅವಸರದಲ್ಲಿ ಅದಲುಬದಲಾಗದು. ಕೈ ಕುದುರದಿದ್ದರೆ ಸ್ಪೇಸರ್ ಎಂಬ ಕೊಳವೆ ಸಿಗುತ್ತದೆ, ಅದರ ಮೂಲಕ ಎಳೆದುಕೊಳ್ಳಲಿ. ಮೃಗಶಿರಾ ಮಳೆಗೆ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿ ಬರುವವರಿಗೂ ನಾನು ಹೇಳುವುದು ಇದನ್ನೇ: ಪಂಪು ಮಾತ್ರ ಬಿಡಬೇಡಿ.

ರಕ್ತದ ಸಂಖ್ಯೆಗೆ ಬೆಲೆಯೇ ಇಲ್ಲವೆಂದಲ್ಲ. ಪಂಪಿಗೂ ಬಗ್ಗದ ತೀವ್ರ ಉಬ್ಬಸಕ್ಕೆ ಈಗ ಇಂಟರ್‌ಲ್ಯೂಕಿನ್ 5 ಸಂದೇಶವನ್ನೇ ತಡೆಯುವ ಚುಚ್ಚುಮದ್ದುಗಳಿವೆ. ಅಂಥ ಮೊದಲ ಮದ್ದು ಮೆಪೊಲಿಜುಮ್ಯಾಬ್, 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಬಲು ದುಬಾರಿ. ಯಾರಿಗೆ ಅದು ಹಿಡಿಸೀತು ಎಂದು ತಿಳಿಯಲು ವೈದ್ಯರು ನೋಡುವುದು ಇದೇ ಇಯೊಸಿನೊಫಿಲ್ ಸಂಖ್ಯೆಯನ್ನು. ನಿಮ್ಮ ಮಗಳು ಪಂಪನ್ನು ಸರಿಯಾಗಿ ತೆಗೆದುಕೊಂಡರೆ ಅಲ್ಲಿಯವರೆಗೆ ಹೋಗುವ ಪ್ರಮೇಯ ಬಾರದಿರಬಹುದು. ಆದರೂ ಎರಡು ಚೀಟಿಗಳನ್ನೂ ತಾರೀಕು ಬರೆದು ಜೋಪಾನವಾಗಿಡಿ.

ಇದನ್ನು ಮಾತ್ರ ಗೋಡೆಗೆ ಬರೆದು ಅಂಟಿಸಿ: ಒಂದು ವಾಕ್ಯ ಪೂರ್ತಿ ಆಡಲು ಉಸಿರು ಸಾಲದಿದ್ದರೆ, ತುಟಿ ಉಗುರು ನೀಲಿಯಾದರೆ, ಪಂಪು ಹೊಡೆದರೂ ಇಳಿಯದಿದ್ದರೆ, ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಫೋನು ಮಾಡಿ.

ಮುಚ್ಚಿಡುವುದೋ, ಹೇಳುವುದೋ?

ಇನ್ನು ಮೂರನೇ ಪ್ರಶ್ನೆ. ಇದಕ್ಕೆ ವೈದ್ಯೆಯಾಗಿ ಅಲ್ಲ, ನಮ್ಮ ಮನೆಯ ಮಾತಾಗಿ ಉತ್ತರ ಹೇಳುತ್ತೇನೆ.

ನನ್ನ ಚಿಕ್ಕಮ್ಮನೊಬ್ಬಳಿಗೆ ಉಬ್ಬಸವಿತ್ತು. ಹೊಳಲ್ಕೆರೆ ಕಡೆ ಕೊಟ್ಟರು. ಮುಚ್ಚಿಟ್ಟೇ ಕೊಟ್ಟರು. ಅವಳು ಮಾತ್ರೆಯ ಪೊಟ್ಟಣವನ್ನು ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟು, ಯಾರೂ ಇಲ್ಲದಾಗ ತೆಗೆದು ನುಂಗುತ್ತಿದ್ದಳು. ಮನೆ ತುಂಬ ಜನ. ‘ಯಾರೂ ಇಲ್ಲದಾಗ’ ಎಂಬುದು ದಿನಕ್ಕೊಮ್ಮೆಯೂ ಸಿಗುತ್ತಿರಲಿಲ್ಲ. ಕೆಮ್ಮು ಬಂದರೆ ಒಲೆಯ ಹೊಗೆ ಎನ್ನುತ್ತಿದ್ದಳು. ಒಂದು ಸುಗ್ಗಿಯ ರಾತ್ರಿ ಒಳಕೋಣೆಯಲ್ಲಿ ಕಾಳಿನ ಚೀಲದ ಮೇಲೆ ಒರಗಿದವಳು ಏಳಲಿಲ್ಲ. ತುಟಿ ನೀಲಿ. ಗೊಬ್ಬರದ ಲಾರಿಯೊಂದನ್ನು ನಿಲ್ಲಿಸಿ ಆಸ್ಪತ್ರೆಗೆ ಸಾಗಿಸಿದರು. ಪುಣ್ಯ, ಬದುಕಿದಳು. ನಾನಾಗ ಸಣ್ಣವಳು, ಅಮ್ಮನ ಸೆರಗು ಹಿಡಿದು ಮಂಚದ ಹತ್ತಿರ ನಿಂತಿದ್ದೆ. ಅವಳ ಅತ್ತೆ ಬೈಯುತ್ತಾರೆಂದು ನಾವೆಲ್ಲ ಕಾದಿದ್ದೆವು. ಆ ಮುದುಕಿ ಸೊಸೆಯ ತಲೆ ಸವರಿ ಕೇಳಿದ್ದು ಇಷ್ಟೇ: “ಮೊದಲೇ ಹೇಳಿದ್ರೆ ನಿನ್ನ ಒಲೆ ಮುಂದೆ ಕೂರಿಸ್ತಿದ್ನೇನವ್ವಾ?”

ಎಲ್ಲ ಅತ್ತೆಯರೂ ಹಾಗಿರುತ್ತಾರೆಂದು ನಾನು ಹೇಳಲಾರೆ. ಕೇಳಿ ಎದ್ದು ಹೋಗುವವರೂ ಇದ್ದಾರೆ. ಹೋದರೆ ಹೋಗಲಿ. ಪಂಪು ನೋಡಿ ಮುಖ ತಿರುಗಿಸುವ ಮನೆಯಲ್ಲಿ ನಿಮ್ಮ ಮಗಳು ರಾತ್ರಿ ಎರಡು ಗಂಟೆಗೆ ಯಾರನ್ನು ಎಬ್ಬಿಸಬೇಕು? ಮುಚ್ಚಿಟ್ಟು ಕೊಟ್ಟರೆ ಔಷಧಿಯನ್ನೂ ಮುಚ್ಚಿಟ್ಟೇ ತೆಗೆದುಕೊಳ್ಳಬೇಕಾಗುತ್ತದೆ. ಮುಚ್ಚಿಟ್ಟ ಔಷಧಿ ಬೇಕಾದ ಹೊತ್ತಿಗೆ ಕೈಗೆ ಸಿಗುವುದಿಲ್ಲ.

ಹೇಳುವಾಗ ಅಪರಾಧಿಗಳ ಹಾಗೆ ತಲೆ ತಗ್ಗಿಸಬೇಡಿ. ಹೀಗೆ ಹೇಳಿ: “ಮಗಳಿಗೆ ಉಬ್ಬಸ ಇದೆ. ದಿನಾ ಪಂಪು ತಗೋತಾಳೆ, ಓದ್ತಾಳೆ, ಕೆಲಸ ಮಾಡ್ತಾಳೆ. ಧೂಳು ಹೊಗೆ ಆಗೋಲ್ಲ. ಇದು ಅಂಟೋ ಕಾಯಿಲೆ ಅಲ್ಲ, ರಕ್ತ ಕೆಟ್ಟಿರೋದೂ ಅಲ್ಲ.” ಮಕ್ಕಳಾಗುವುದಕ್ಕೆ ಉಬ್ಬಸ ಅಡ್ಡಿಯಲ್ಲ. ಬಸುರಿಯಲ್ಲೂ ಪಂಪು ನಿಲ್ಲಿಸಬಾರದು; ಆಗ ಹತೋಟಿ ತಪ್ಪಿದ ಉಬ್ಬಸವೇ ತಾಯಿಗೂ ಮಗುವಿಗೂ ಹೆಚ್ಚು ಕೆಡುಕು. ತಾಯಿಗಿದ್ದರೆ ಮಗುವಿಗೆ ಬರುವ ಸಂಭವ ಸ್ವಲ್ಪ ಹೆಚ್ಚು, ಬಂದೇ ತೀರುತ್ತದೆ ಎಂದಲ್ಲ.

ಮತ್ತೊಂದು ಮಾತು, ಅವಳನ್ನೂ ಕೇಳಿದಿರಾ? ನಿಮ್ಮ ಕಾಗದದಲ್ಲಿ ನೆಂಟರ ಮಾತಿದೆ, ಅಂಗಡಿಯವರ ಮಾತಿದೆ, ಅತ್ತೆಯವರ ಮಾತಿದೆ. ಹತ್ತೊಂಬತ್ತರ ಹುಡುಗಿಯ ಮಾತು ಒಂದೂ ಇಲ್ಲ. ಗೋಡೆಗೆ ಒರಗಿ ಬೆಳಗು ಮಾಡುವವಳು ಅವಳು. ಈಗಲೇ ಮದುವೆಯೋ, ಓದು ಮುಗಿದ ಮೇಲೋ, ಬಂದವರಿಗೆ ಯಾರು ಹೇಳುವುದು, ಎಲ್ಲವನ್ನೂ ಅವಳನ್ನು ಕೂರಿಸಿಕೊಂಡು ಮಾತಾಡಿ. ಬಹುಶಃ ಅವಳೇ ನಿಮಗಿಂತ ಸಲೀಸಾಗಿ ಹೇಳಿಯಾಳು.

ಈ ಪುಟವನ್ನು ಕತ್ತರಿಸಿ ಆ ಎರಡು ಚೀಟಿಗಳ ಜೊತೆಗೇ ಇಟ್ಟುಕೊಳ್ಳಿ. ಶಿರಾದವರು ಬಂದು ಹೋದ ಮೇಲೆ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ. ಮುಂದಿನ ಸಂಚಿಕೆಯಲ್ಲಿ, ಪಂಪನ್ನು ಸರಿಯಾಗಿ ಎಳೆದುಕೊಳ್ಳುವುದು ಹೇಗೆ ಎಂದು ಹೆಜ್ಜೆ ಹೆಜ್ಜೆಯಾಗಿ ತಿಳಿಸುತ್ತೇನೆ. ಅಲ್ಲಿಯವರೆಗೆ ಎಲ್ಲರಿಗೂ ನೆಮ್ಮದಿಯ ನಿದ್ದೆ ಬರಲಿ.